ಮಾವಿನ ಕ್ರೇಟಿನಲ್ಲಿ ಹೋದ ಲ್ಯಾಪ್‌ಟಾಪ್

ನಮ್ಮ ಯಜಮಾನರು ಈ ಕಥೆಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ: "ಹುಡುಗರು ಹಂಪ್ ನೋಡದೆ ಬೈಕ್ ಹಾರಿಸಿದ್ರು, ಲ್ಯಾಪ್‌ಟಾಪ್ ಹೋಯ್ತು, ಆಯಮ್ಮನ ಬೋರೂ ಹೋಯ್ತು." ಕೇಳಿದವರು ತಲೆಯಾಡಿಸುತ್ತಾರೆ. ಮಾತು ಚಿಕ್ಕದಾದಷ್ಟೂ ಜನ ಬೇಗ ನಂಬುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು ಇಷ್ಟೇ, ಅಂಥ ಮಾತನ್ನು ಬಿಚ್ಚಿ ನೋಡಬೇಕು. ಬಿಚ್ಚಿದರೆ ಇದರೊಳಗೆ ಮೂರು ಹೇಳಿಕೆಗಳು ಸಿಗುತ್ತವೆ. ನಾವು ಹಂಪ್ ಹಾರಿಸಿದೆವು ಅನ್ನುವುದು ಒಂದು. ಹಂಪಿನಿಂದ ಲ್ಯಾಪ್‌ಟಾಪ್ ಕೆಟ್ಟಿತು ಅನ್ನುವುದು ಇನ್ನೊಂದು. ಲ್ಯಾಪ್‌ಟಾಪ್ ಕೆಟ್ಟದ್ದರಿಂದಲೇ ಬೋರು ಹೋಯಿತು ಅನ್ನುವುದು ಮತ್ತೊಂದು. ಮೊದಲನೆಯದು ಸುಳ್ಳು. ಎರಡನೆಯದು ಕಾಲುಭಾಗ ನಿಜ. ಮೂರನೆಯದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ. ಬರೆಯುತ್ತಿರುವುದು ಆ ಮೂರನೆಯದಕ್ಕಾಗಿ.

ನಮ್ಮದು ಬೋರ್‌ವೆಲ್ ಒಳಗೆ ಕ್ಯಾಮೆರಾ ಇಳಿಸುವ ಕೆಲಸ. ಕೋಲಾರದ ಸುತ್ತಮುತ್ತ ಬೋರುಗಳು ಎಷ್ಟು ಆಳ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಅಷ್ಟು ಉದ್ದದ ಪೈಪು ಎಲ್ಲೋ ಒಂದು ಕಡೆ ತುಕ್ಕು ಹಿಡಿದು ತುಂಡಾಗುತ್ತದೆ, ಕೆಳಗಿನ ಪೈಪಿನ ಸಮೇತ ಮೋಟರು ತಳ ಸೇರುತ್ತದೆ. ಅದನ್ನು ಎತ್ತುವುದಕ್ಕೆ ಬೇರೆ ಗಾಡಿ, ಬೇರೆ ಜನ. ಅವರು ಒಂದು ಕಬ್ಬಿಣದ ಕೊಕ್ಕೆಯನ್ನು ಇಳಿಸಿ, ಮುರಿದ ಪೈಪಿನ ಬಾಯಿಗೆ ಕಚ್ಚಿಸಿ ಮೇಲಕ್ಕೆಳೆಯುತ್ತಾರೆ. ಅದಕ್ಕೆ ಮುಂಚೆ ಒಳಗೆ ಏನಾಗಿದೆ ಎಂದು ನೋಡಿ ಹೇಳುವುದು ನಾವು. ಕ್ಯಾಮೆರಾ ಸಣ್ಣ ಟಾರ್ಚಿನಷ್ಟಿದೆ. ಅದರ ಕೇಬಲ್ ಸುತ್ತಿದ ಡ್ರಮ್ಮು ಬಾಡಿಗೆ ಆಟೋದಲ್ಲಿ ಬರುತ್ತದೆ. ಡ್ರಮ್ಮು ತಿರುಗಿಸುವವರು ನನಗಿಂತ ಹಿರಿಯರು, ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ಮನೆಯವರು. ನಾನು ಅವರನ್ನು ಅಣ್ಣ ಅನ್ನುತ್ತೇನೆ. ಅವರು ನನ್ನನ್ನು ಲಾಯರ್ ಅನ್ನುತ್ತಾರೆ, ಹೊಗಳಿಕೆಗಲ್ಲ.

ಲ್ಯಾಪ್‌ಟಾಪ್ ನನ್ನ ಸುಪರ್ದಿ. ಅದು ಹಳೆಯದು, ದೊಡ್ಡದು, ಒರಳುಕಲ್ಲಿಗೆ ದೂರದ ನೆಂಟ. ದೊಡ್ಡದೇ ಬೇಕು, ಯಾಕೆಂದರೆ ಬಯಲಿನ ಬಿಸಿಲಿನಲ್ಲಿ ಚಿಕ್ಕ ಪರದೆ ಕಾಣುವುದಿಲ್ಲ. ಬೋರು ಯಾರದೋ ಅವರ ಮನೆಮಂದಿಯೆಲ್ಲ ಬಗ್ಗಿ ನೋಡಬೇಕು, ಕಂಡರೆ ಮಾತ್ರ ನಂಬುತ್ತಾರೆ. ಕ್ಯಾಮೆರಾದ ಚಿತ್ರ ತೋರಿಸುವ ತಂತ್ರಾಂಶ ಇರುವುದು ಅದೊಂದರಲ್ಲೇ. ಫೋನಿಗಾಗಲಿ ಬೇರೆ ಪರದೆಗಾಗಲಿ ಕ್ಯಾಮೆರಾದ ಕೇಬಲ್ ಸಿಕ್ಕಿಸುವ ನಮ್ಮ ಡಬ್ಬಿ ಹೊಂದುವುದಿಲ್ಲ. ಇದರ ಮೇಲೆ ಯಜಮಾನರ ಒಂದು ಕಟ್ಟಪ್ಪಣೆ: ಅದನ್ನು ಪೂರ್ತಿ ಆರಿಸಕೂಡದು, ಮುಚ್ಚಳ ಮುಚ್ಚಿ ನಿದ್ದೆಗೆ ಹಾಕಿಕೊಂಡು ಹೊರಡಬೇಕು. ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಪರದೆಯ ಮೇಲೆ ಆ ಚಕ್ರ ಗಿರಗಿರ ಸುತ್ತುವುದನ್ನು ನೋಡುತ್ತಾ ಗಿರಾಕಿಗೆ ನಂಬಿಕೆ ಹೊರಟುಹೋಗುತ್ತದೆ ಎಂಬುದು ಅವರ ಸಿದ್ಧಾಂತ.

ಮೊದಮೊದಲು ಲ್ಯಾಪ್‌ಟಾಪೂ ಡ್ರಮ್ಮಿನ ಜೊತೆ ಆಟೋದಲ್ಲೇ ಹೋಗುತ್ತಿತ್ತು. ಮಾಲೂರು ತಾಲ್ಲೂಕಿನಲ್ಲಿ, ಲಕ್ಕೂರು ದಾಟಿದ ಮೇಲೆ ಒಂದು ಕೆಲಸವಿತ್ತು. ಅಲ್ಲಿ ಹೋಗಿ ತೆರೆದರೆ ಉಸಿರಿಲ್ಲ. ಹಿಂದಿನ ಮುಚ್ಚಳ ಬಿಚ್ಚಿ ನೋಡಿದರೆ ಹಾರ್ಡ್ ಡಿಸ್ಕ್ ತನ್ನ ಜಾಗದಿಂದ ಸಡಿಲಾಗಿ ಈಚೆ ಬಂದಿತ್ತು. ಒತ್ತಿ ಕೂರಿಸಿದ ಮೇಲೆ ಎದ್ದಿತು. ಸರಕು ಆಟೋದ ಹಲಗೆ ಬರಿದಾಗಿದ್ದಷ್ಟೂ ಹೆಚ್ಚು ನಡುಗುತ್ತದೆ, ಆ ನಡುಕ ಗುಂಡಿಯ ಏಟಿಗಿಂತ ಕೆಟ್ಟದ್ದು. ಅವತ್ತಿನಿಂದ ಲ್ಯಾಪ್‌ಟಾಪ್ ಬೈಕಿಗೆ ಬಂತು. ಅಣ್ಣ ಓಡಿಸುವುದು, ನಾನು ಹಿಂದೆ ಕೂರುವುದು, ಬ್ಯಾಗು ನನ್ನ ಬೆನ್ನಿಗೆ.

ಬೆನ್ನಿಗೆ ಹಾಕಿಕೊಂಡರೆ ಕ್ಷೇಮ ಎನ್ನುವವರು ಚಿಕ್ಕ ಲ್ಯಾಪ್‌ಟಾಪಿನವರು. ಇದು ಬ್ಯಾಗಿನ ಜಿಪ್ಪಿನಿಂದ ಒಂದು ಮೂಲೆ ಹೊರಗೆ ಚಾಚಿಕೊಂಡೇ ಇರುತ್ತಿತ್ತು. ಪಟ್ಟಿ ಎಷ್ಟು ಬಿಗಿದರೂ ಭಾರಕ್ಕೆ ಜಗ್ಗಿ ಸೊಂಟದ ಕೆಳಗೆ ಇಳಿಯುತ್ತಿತ್ತು. ಹುತ್ತೂರಿನ ಕಡೆ ಹೋದ ದಿನ ಪ್ರತಿ ಹಂಪಿಗೂ ಬ್ಯಾಗಿನ ತಳ ಸೀಟಿನ ಹಿಂದಿನ ಕಂಬಿಗೆ ಕುಟ್ಟಿತು. ಕೆಲಸ ನಡೆಯಿತು, ಆದರೆ ಪರದೆಯನ್ನು ಹಿಡಿದಿರುವ ಎಡಗಡೆಯ ಹಿಂಜು ಬಿರುಕು ಬಿಟ್ಟು, ಮುಚ್ಚಳ ಅಲ್ಲಿಂದಾಚೆಗೆ ಪೂರ್ತಿ ಕಚ್ಚಿಕೊಳ್ಳದೆ ಒಂದು ಎಳೆಯಷ್ಟು ಸಡಿಲವಾಗಿಯೇ ಉಳಿಯಿತು. ಮುಂದೆ ಟ್ಯಾಂಕಿನ ಮೇಲೆ ಇಟ್ಟು ನೋಡಿದೆವು. ಹ್ಯಾಂಡಲ್ ತಿರುಗುವುದಿಲ್ಲ. ನೇರ ರಸ್ತೆಗೆ ಮಾತ್ರ ಆಗಿಬರುವ ಉಪಾಯ ಅದು, ಅಂಥ ರಸ್ತೆ ನಮ್ಮಲ್ಲಿಲ್ಲ.

ಆಗ ಅಣ್ಣ ಮನೆಯಿಂದ ಮಾವಿನ ಕ್ರೇಟು ತಂದರು, ಜೊತೆಗೆ ಒಂದು ಹೊರೆ ನೆಲ್ಲುಲ್ಲು.

"ಲೇ ಲಾಯರೂ, ನಮ್ಮಪ್ಪ ಹಣ್ಣು ಕಳ್ಸೋದು ಇದ್ರಲ್ಲೇ ಕಣೋ. ಲಾರೀಲಿ ಹಗಲೂ ರಾತ್ರಿ ಕುಣೀತಾ ಹೋದ್ರೂ ಒಂದು ಕಲೆ ಬೀಳಲ್ಲ."

"ಹಣ್ಣಿಗೆ ಹಿಂಜ್ ಇರಲ್ಲ ಅಣ್ಣ."

"ನಿನ್ನ ಬೆನ್ನಿಗೆ ಬುದ್ಧಿ ಇರಲ್ಲ. ಯಾವ್ದು ಮುರೀತು ಹೇಳು, ಹುಲ್ಲಾ, ಬೆನ್ನಾ?"

ನಾನು ಸಾಕ್ಷಿ ಕೇಳಿದೆ. ತರಕಾರಿ ಮಂಡಿಗೆ ಹೋಗಿ, ಮುಟ್ಟಿದರೆ ಒಡೆಯುವಷ್ಟು ಹಣ್ಣಾದ ಟೊಮೆಟೊ ಒಂದನ್ನು ಆರಿಸಿ ತಂದೆ. ಅದನ್ನು ಹುಲ್ಲಿನ ನಡುವೆ ಹುದುಗಿಸಿ, ಕ್ರೇಟನ್ನು ಹಿಂದಿನ ಕ್ಯಾರಿಯರಿಗೆ ಟ್ಯೂಬಿನ ರಬ್ಬರಿನಿಂದ ಬಿಗಿದು, ಲಾರಿಗಳು ಉತ್ತು ಹಾಕಿದ್ದ ಮಂಡಿಯ ಹಿಂಬದಿಯ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದೆವು. ತೆಗೆದರೆ ಟೊಮೆಟೊ ಇಟ್ಟ ಹಾಗೇ ಇತ್ತು, ತೊಟ್ಟು ಕೂಡ ಅಲುಗಿರಲಿಲ್ಲ.

"ಈಗೇನಂತೀಯಾ?"

"ಒಪ್ಪಿದೆ."

ಏನು ತೋರಿಸಿದರೆ ಒಪ್ಪುತ್ತೇನೆ ಎಂದು ಮೊದಲೇ ಹೇಳಿ, ಎದುರಿನವರು ಅದನ್ನು ತೋರಿಸಿದ ಮೇಲೆ ಕೂತುಕೊಳ್ಳಬೇಕು. ಅದು ಚರ್ಚೆಯ ಶಿಸ್ತು. ನಾನು ಕೂತುಕೊಂಡೆ. ಅಣ್ಣ ಟೊಮೆಟೊಗೆ ಉಪ್ಪು ಹಚ್ಚಿಕೊಂಡು ತಿಂದರು.

ಕ್ರೇಟಿನ ಮೊದಲ ಪಯಣವೇ ಶ್ರೀನಿವಾಸಪುರ ದಾಟಿ ಒಂದು ಹಳ್ಳಿಗೆ. ಬೇಸಿಗೆ, ಮಾವಿನ ಕಾಲ. ಹೊರಡುವ ಮುಂಚೆ ಯಜಮಾನರು ಕುರ್ಚಿಯಿಂದಲೇ ನೆನಪಿಸಿದರು, "ಆಫ್ ಮಾಡ್ಬೇಡ್ರಪ್ಪಾ." ಚಾರ್ಜು ತುಂಬಿಸಿದ್ದ ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದೆ. ಹುಲ್ಲಿನ ಚೂರು ಒಳಗೆ ಹೋಗದಿರಲಿ ಎಂದು ಒಗೆದ ಪಂಚೆಯಲ್ಲಿ ಸುತ್ತಿದೆ. ಕೆಳಗೊಂದು ಮೆತ್ತೆ ಹುಲ್ಲು, ನಾಲ್ಕೂ ಕಡೆ ಹುಲ್ಲು, ಮೇಲೆ ಹುಲ್ಲು, ಅದರ ಮೇಲೆ ಗೋಣಿತಾಟು. ಬಾಣಂತಿ ಮನೆಯ ಕೂಸಿಗೂ ಅಷ್ಟು ಬೆಚ್ಚಗೆ ಹೊದಿಸುವುದಿಲ್ಲ.

ಹಂಪ್ ಹಾರಿಸಿದೆವು ಎಂಬ ಆರೋಪಕ್ಕೆ ಇಲ್ಲೇ ಉತ್ತರ ಹೇಳಿಬಿಡುತ್ತೇನೆ. ನಾವು ದಿಬ್ಬಣದ ಎತ್ತಿನಗಾಡಿಯ ಹಾಗೆ ಹೋದೆವು. ಹಾಲಿನ ಕ್ಯಾನು ನೇತುಹಾಕಿಕೊಂಡ ಮೊಪೆಡ್ಡೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಮೇಲಿದ್ದ ಅಜ್ಜ ತಿರುಗಿ ನೋಡಿ, ಬಂಡಿ ಕೆಟ್ಟಿದೆಯಾ ಅಂತ ಕೈಯಲ್ಲೇ ಕೇಳಿದ. ಹಂಪ್ ಕಂಡಲ್ಲೆಲ್ಲ ಅಣ್ಣ ಬೈಕು ನಿಲ್ಲಿಸಿದಂತೆ ಮಾಡಿ ಮುಂದಿನ ಚಕ್ರ ಹತ್ತಿಸಿ ಇಳಿಸಿ, ಆಮೇಲೆ ಹಿಂದಿನದನ್ನು ಹತ್ತಿಸಿ ಇಳಿಸುತ್ತಿದ್ದರು. ನಿಧಾನದಿಂದ ಬಂದ ನಷ್ಟವೆಂದರೆ ಕ್ರೇಟು ಬಿಸಿಲಿನಲ್ಲಿ ಇನ್ನಷ್ಟು ಹೊತ್ತು ಕಾದದ್ದು.

ಬೋರು ಇದ್ದದ್ದು ಹಿಪ್ಪುನೇರಳೆ ತೋಟದ ಅಂಚಿನಲ್ಲಿ. ತೋಟ ಮತ್ತು ರೇಷ್ಮೆಹುಳು ಎರಡನ್ನೂ ನೋಡಿಕೊಳ್ಳುವವರು ಒಬ್ಬ ಹೆಂಗಸು, ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು. ನಾನು ಅಕ್ಕ ಎಂದೆ. ಅವರ ಗಂಡ ಮಾಲೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದಾರೆ, ವಾರದ ರಜೆಗೆ ಬರುತ್ತಾರೆ. ಇರುವುದು ಇದೊಂದೇ ಬೋರು. ಈಗ ಮನೆಯಲ್ಲಿರುವ ಹುಳುವಿಗೆ ತೋಟದಲ್ಲಿ ಸೊಪ್ಪಿದೆ. ನೀರು ನಿಂತು ಈ ಬಿಸಿಲು ಹೀಗೇ ಹೊಡೆದರೆ ಮುಂದಿನ ಬೆಳೆಗೆ ಚಿಗುರು ಬರುವುದಿಲ್ಲ. ಬೋರು ಉಳಿದರೆ ತೋಟ ಉಂಟು, ಇಲ್ಲದಿದ್ದರೆ ಇಲ್ಲ. ನಾವು ಬೈಕು ನಿಲ್ಲಿಸುವುದರೊಳಗೆ ಅವರು ಇಷ್ಟನ್ನೂ ಹೇಳಿ ಮುಗಿಸಿದ್ದರು.

ಎತ್ತುವ ಗಾಡಿ ಆಗಲೇ ಬಂದು ನಿಂತಿತ್ತು. ಅದರ ಮೇಸ್ತ್ರಿ, ಕ್ಯಾಮೆರಾ ಎಂಬುದು ಬರುವುದಕ್ಕೆ ಮುಂಚಿನಿಂದ ಮೋಟರು ಎತ್ತುತ್ತಿರುವ ಹಿರಿಯರು, ನೆರಳಿನಲ್ಲಿ ಕೂತಿದ್ದವರು ಎದ್ದರು.

"ಏಮಪ್ಪಾ, ಟೀವಿಯವ್ರು ಬಂದ್ರಾ? ಸಿನಿಮಾ ಶುರು ಮಾಡಿ, ಚೂಸ್ತಾಂ, ನೋಡೇ ಬಿಡೋಣ."

ನಾನು ಗೋಣಿತಾಟು ತೆಗೆದೆ. ಮುಖಕ್ಕೆ ಕಾವು ಬಡಿಯಿತು. ಹುಲ್ಲಿನಲ್ಲಿ ಕೈ ಹಾಕಿದರೆ, ಹಣ್ಣಾಗಲು ಅಡೆ ಹಾಕಿದ ಮಾವಿನ ರಾಶಿಯೊಳಗೆ ಕೈ ಹಾಕಿದ ಹಾಗೆ. ಪಂಚೆ ಆಗತಾನೆ ಇಸ್ತ್ರಿ ಮಾಡಿದಂತಿತ್ತು. ಲ್ಯಾಪ್‌ಟಾಪಿನ ತಳ ಮುಟ್ಟಿ ಕೈ ಹಿಂದೆ ತೆಗೆದುಕೊಂಡೆ. ಗುಂಡಿ ಒತ್ತಿದರೆ ದೀಪವಿಲ್ಲ. ಬೆಳಗ್ಗೆ ತುಂಬಿಸಿದ್ದ ಬ್ಯಾಟರಿ ಬರಿದು.

ಮೇಸ್ತ್ರಿ ಬಗ್ಗಿ ನೋಡಿದರು. "ಚೆನ್ನಾಗಿ ಮಾಗೈತೆ. ಕೊಯ್ದು ಹಂಚ್ರಪ್ಪಾ."

ಅಣ್ಣ ನಗಲಿಲ್ಲ. ನೆಲ್ಲುಲ್ಲು ಏನು ಮಾಡುತ್ತದೆ ಎಂದು ಆ ಬಯಲಿನಲ್ಲಿ ನಿಂತಿದ್ದ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕಾಯಿ ಇಟ್ಟು ಮುಚ್ಚಿದರೆ ಕಾವು ಕೂಡಿಕೊಂಡು ಹಣ್ಣಾಗುತ್ತದೆ. ಅಣ್ಣ ಹುಟ್ಟಿದ್ದೇ ಆ ವಾಸನೆಯಲ್ಲಿ. ನಾನು ಪ್ರತಿ ಬೇಸಿಗೆಯಲ್ಲೂ ಅಂಥ ಹಣ್ಣು ತಿಂದವನು. ಆದರೂ ಅದು ಮಾವಿನ ವಿಷಯವಾಗಿ ಗೊತ್ತಿದ್ದ ಸಂಗತಿ, ಲ್ಯಾಪ್‌ಟಾಪಿನ ವಿಷಯವಾಗಿ ಅಲ್ಲ. ನಮ್ಮ ಟೊಮೆಟೊ ಪರೀಕ್ಷೆ ಏಟನ್ನು ಮಾತ್ರ ಪರೀಕ್ಷಿಸಿತ್ತು. ಟೊಮೆಟೊಗೆ ಬ್ಯಾಟರಿ ಇರುವುದಿಲ್ಲ. ಇದು ದಾರಿಯಲ್ಲಿ ಎಲ್ಲೋ ನಿದ್ದೆಯಿಂದ ಎದ್ದು, ಗಾಳಿ ಆಡದ ಹೊದಿಕೆಯೊಳಗೆ ಓಡುತ್ತಾ ಓಡುತ್ತಾ ತನ್ನ ಕಾವಿನಲ್ಲೇ ಬೆಂದಿತ್ತು.

"ನೀರು ಹಾಕ್ಬಾರ್ದಾ?" ಎಂದರು ಅಣ್ಣ. ಕೇಳಿದ ಮೇಲೆ ತಾವೇ ಬೇಡ ಅಂದುಕೊಂಡರು.

ಅಕ್ಕ ದಾರಿ ತೋರಿಸಿದರು. "ನಮ್ ಸೊಪ್ಪಿನ ಕೋಣೇಲಿ ಇಡಿ, ತಣ್ಣಗಿರ್ತೈತೆ. ಆದ್ರೆ ಕಾಲು ತೊಳ್ಕೊಂಡು ಬನ್ನಿ, ಅಲ್ಲಿ ಬ್ಲೀಚಿಂಗ್ ನೀರು ಇಟ್ಟಿದೀನಿ. ಕೈನೂ ತೊಳೀರಿ. ಹುಳ ನಿಮ್ ಮಿಷಿನ್‌ಗಿಂತ ನಾಜೂಕು."

ಹುಳುಮನೆಗೆ ಅಂಟಿಕೊಂಡ ಸಣ್ಣ ಕೋಣೆ ಅದು. ಕುಯ್ದ ಸೊಪ್ಪು ಬಾಡದಿರಲೆಂದು ಕಿಟಕಿಗೆಲ್ಲ ಒದ್ದೆ ಗೋಣಿ ಇಳಿಬಿಟ್ಟಿದ್ದರು. ಪಕ್ಕದ ಕೋಣೆಯಿಂದ ಹುಳುಗಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳಿಸುತ್ತಿತ್ತು. ಅಣ್ಣ ಲ್ಯಾಪ್‌ಟಾಪನ್ನು ಒದ್ದೆ ಗೋಣಿಯ ಹತ್ತಿರಕ್ಕೆ ಒಯ್ದರು. ನಾನು ತಡೆದೆ. ಇಷ್ಟು ಬಿಸಿಯಾದದ್ದನ್ನು ಆ ತೇವಕ್ಕೆ ಒಡ್ಡಿದರೆ ಒಳಗೆ ಬೆವರುತ್ತದೆ. ಬಾಗಿಲ ಬಳಿಯ ಒಣ ಜಾಗದಲ್ಲಿ, ಬಿದಿರಿನ ತಟ್ಟೆಯೊಂದರ ಮೇಲೆ, ಬ್ಯಾಟರಿ ತೆಗೆದು, ತೆರೆದ ಪುಸ್ತಕವನ್ನು ಮಗುಚಿದ ಹಾಗೆ ನಿಲ್ಲಿಸಿದೆ. ಬ್ಯಾಟರಿಯ ಹೊಟ್ಟೆ ಸ್ವಲ್ಪ ಉಬ್ಬಿತ್ತು. ಅದನ್ನು ದೂರ ಅಂಗಳದಲ್ಲಿ ಇಟ್ಟೆ.

"ಜ್ವರ ಬಿಟ್ರೆ ಎದ್ದೀತು" ಅಂದರು ಅಕ್ಕ.

ಯಜಮಾನರಿಗೆ ಫೋನು ಮಾಡಿದೆ. ನಾನು ವಿಷಯ ಮುಗಿಸುವ ಮುಂಚೆ ಅವರು ಕೇಳಿದರು, "ಹಂಪ್ ಹಾರ್ಸಿದ್ರಾ?" ತೀರ್ಪು ಬಂದದ್ದು ಆಗ, ಸಾಕ್ಷಿ ನೋಡುವ ಮುಂಚೆ. ಆಮೇಲೆ ಅದು ಬದಲಾಗಲಿಲ್ಲ.

ತಳ ತಣ್ಣಗಾದ ಮೇಲೆ ಬ್ಯಾಟರಿ ಇಲ್ಲದೆಯೇ ಚಾರ್ಜರು ಸಿಕ್ಕಿಸಿ ಒತ್ತಿದೆ. ದೀಪ ಬಂತು. ಪರದೆ ಬೆಳಗಿತು. ಅಕ್ಕ ಒಂದು ಹೆಜ್ಜೆ ಮುಂದೆ ಬಂದರು. ಪರದೆ ಆರಿತು. ಇನ್ನೊಂದು ಸಲ ಒತ್ತಿದೆ, ದೀಪ ಮಾತ್ರ ಬಂತು. ಮತ್ತೊಂದು ಸಲಕ್ಕೆ ಅದೂ ಇಲ್ಲ.

ಹೊರಗೆ ಮೇಸ್ತ್ರಿ ಎದ್ದು ನಿಂತಿದ್ದರು. ಅವರಿಗೆ ಮುಳಬಾಗಿಲಿನ ಕಡೆ, ಆವನಿಯ ಹತ್ತಿರ ಇನ್ನೊಂದು ಕೆಲಸ ಕಾದಿತ್ತು.

"ನೋಡಮ್ಮಾ, ನಾನು ಹೋದ್ರೆ ಮತ್ತೆ ಯಾವಾಗ ಬರ್ತೀನಿ ಅಂತ ಹೇಳಕ್ಕಾಗಲ್ಲ. ಈ ಬೇಸಿಗೇಲಿ ದಿನಾ ಒಂದೊಂದು ಊರಲ್ಲಿ ಮೋಟ್ರು ಬೀಳ್ತಾವೆ. ಈಗ್ಲೇ ಕೊಕ್ಕೆ ಬಿಡ್ತೀನಿ. ಬಂದ್ರೆ ಬಂತು."

ಅಕ್ಕ ನನ್ನ ಕಡೆ ತಿರುಗಿದರು. "ನೀನೇನಂತೀಯಪ್ಪಾ?"

ನಾನು ಇದ್ದದ್ದನ್ನು ಹೇಳಿದೆ. ಮುರಿದ ಪೈಪಿನ ಬಾಯಿ ಬಯಲಾಗಿದ್ದರೆ ಕೊಕ್ಕೆ ಕಚ್ಚುತ್ತದೆ, ಬರುತ್ತದೆ. ಅದರ ಮೇಲೆ ಗೋಡೆಯ ಕಲ್ಲು ಕಳಚಿ ಬಿದ್ದಿದ್ದರೆ, ಕೊಕ್ಕೆ ಆ ಕಲ್ಲನ್ನು ಪೈಪಿಗೂ ಗೋಡೆಗೂ ನಡುವೆ ಬೆಣೆ ಹೊಡೆದ ಹಾಗೆ ಹೊಡೆಯುತ್ತದೆ. ಆಮೇಲೆ ಯಾರು ಬಂದರೂ ಆಗುವುದಿಲ್ಲ.

"ಎರಡ್ರಲ್ಲಿ ಯಾವ್ದು ಆಗಿರ್ಬೋದು?"

"ಗೊತ್ತಿಲ್ಲ ಅಕ್ಕಾ."

"ನಂಗೊತ್ತು" ಅಂದರು ಮೇಸ್ತ್ರಿ. "ಬಿದ್ದಾಗ ಸದ್ದು ಹೆಂಗಿತ್ತು ಅಂತ ಈಯಮ್ಮನ್ನ ಬೆಳಗ್ಗೇನೇ ಕೇಳಿದೀನಿ. ಒಂದೇ ಸದ್ದಂತೆ. ಕಲ್ಲು ಬಿದ್ದಿದ್ರೆ ಹಿಂದೇನೇ ಇನ್ನೊಂದು ಸದ್ದು ಬರ್ತದೆ. ಇದೇನು ಇವತ್ತಿನ ವಿದ್ಯೆನಾ?"

"ಅಕ್ಕಾ, ಸದ್ದು ಕೇಳ್ದಾಗ ನೀವೆಲ್ಲಿದ್ರಿ?"

"ಹುಳಮನೇಲಿ. ಸೊಪ್ಪು ಹಾಕ್ತಿದ್ದೆ."

"ಬಾಗಿಲು?"

"ಹಾಕಿತ್ತು."

"ಅಲ್ಲಿಂದ ಇಲ್ಲಿಗೆ ಎಷ್ಟು ದೂರ ಇದೆ! ಹುಳ ಮೇಯೋ ಸದ್ದು ಬೇರೆ. ಒಂದೋ ಎರಡೋ ಹೆಂಗೆ ಹೇಳ್ತೀರಾ?"

ಅಕ್ಕ ಹುಳುಮನೆಯ ಕಡೆ ತಿರುಗಿ ಕಣ್ಣಲ್ಲೇ ದೂರ ಅಳೆದರು. "ಒಂದೇ ಅನ್ಸ್ತು" ಅಂದರು.

"ಅನ್ಸಿದ್ದು ಸಾಕ್ಷಿ ಅಲ್ಲ ಮೇಸ್ತ್ರಿ."

"ಲೇ, ನಿನ್ನ ಕ್ಯಾಮೆರಾ ಹುಟ್ಟೋಕ್ಮುಂಚೆ ನಾನು ಎಷ್ಟು ಮೋಟ್ರು ಎತ್ತಿದೀನಿ ಗೊತ್ತಾ?"

"ಎತ್ತಿದ್ದು ಎಲ್ಲರೂ ಹೇಳ್ತಾರೆ. ಒಳಗೇ ಉಳಿದಿದ್ದು ಎಷ್ಟು ಅಂತಾನೂ ಹೇಳಿ."

ಅಣ್ಣ ನನ್ನ ತೋಳು ಹಿಡಿದು, "ಸಾಕು ಬಿಡೋ" ಅಂದರು. ಆದರೆ ಮಾತಿನಲ್ಲಿ ನಾನು ಗೆದ್ದಿದ್ದೆ, ಅದು ಮೇಸ್ತ್ರಿಯ ಮುಖದಲ್ಲೇ ಕಾಣುತ್ತಿತ್ತು. ಗೆದ್ದದ್ದು ಏನನ್ನು ಎಂದು ಆಗ ಯೋಚಿಸಲಿಲ್ಲ. ಅವರ ಸಾಕ್ಷಿಯನ್ನು ಒಡೆದಿದ್ದೆ, ಅಷ್ಟೇ. ನನ್ನ ಹತ್ತಿರ ಬೇರೆ ಸಾಕ್ಷಿ ಇರಲಿಲ್ಲ. ಇದ್ದ ಸಾಕ್ಷಿ ಸೊಪ್ಪಿನ ಕೋಣೆಯಲ್ಲಿ ಮಗುಚಿಕೊಂಡು ಮಲಗಿತ್ತು.

"ಬೇಡ ಅಕ್ಕಾ" ಅಂದೆ. "ನೋಡ್ದೆ ಇಳಿಸ್ಬೇಡಿ. ಇದನ್ನ ಸರಿ ಮಾಡ್ಕೊಂಡು ಬರ್ತೀವಿ."

ಅಕ್ಕ ಗಂಡನಿಗೆ ಫೋನು ಹಚ್ಚಿದರು. ಅತ್ತ ಕಡೆ ಫ್ಯಾಕ್ಟರಿಯ ಗದ್ದಲ ನಮಗೂ ಕೇಳುತ್ತಿತ್ತು. ಎರಡು ಸಲ ಜೋರಾಗಿ ವಿವರಿಸಿದರು. ಫೋನು ಇಟ್ಟು, "ಅಲ್ಲಿರೋಳು ನೀನು, ನೀನೇ ನೋಡ್ಕೋ ಅಂತಾರೆ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದರು. ಬೋರಿನ ಬಾಯಿಗೆ ಮುಚ್ಚಿದ್ದ ಕಲ್ಲುಚಪ್ಪಡಿಯ ಮೇಲೆ ಒಂದು ಕಾಲಿಟ್ಟು ನಿಂತರು.

"ಮೇಸ್ತ್ರಿ, ಇವತ್ತು ಬೇಡ."

"ನಿನ್ನಿಷ್ಟಮ್ಮಾ. ಆಮೇಲೆ ನನ್ನ ಮೇಲೆ ಹಾಕ್ಬೇಡ."

ಗಾಡಿ ಹೊರಟುಹೋಯಿತು.

ಕೋಲಾರದಲ್ಲಿ ರಿಪೇರಿಯವರು ಲ್ಯಾಪ್‌ಟಾಪಿನ ಫ್ಯಾನು ಬಿಚ್ಚಿದರೆ ಒಳಗೆ ಹುಲ್ಲಿನ ಧೂಳು ಕಲ್ಲಿನ ಹಾಗೆ ಕೂತಿತ್ತು. ಪಂಚೆಯ ನೇಯ್ಗೆಯಲ್ಲೂ ತೂರಿ ಬಂದದ್ದು. ಫ್ಯಾನು ಹೋಗಿತ್ತು, ಬ್ಯಾಟರಿ ಹೋಗಿತ್ತು. ಏಟು ಬಿದ್ದರೆ ಮೊದಲು ಹೋಗಬೇಕಾದ ಹಾರ್ಡ್ ಡಿಸ್ಕಿಗೆ ಏನೂ ಆಗಿರಲಿಲ್ಲ. ಇದನ್ನೇ ಯಜಮಾನರ ಮುಂದಿಟ್ಟೆ. ತುಂಬಿದ ಬ್ಯಾಟರಿ ಬರಿದಾಗಬೇಕಾದರೆ ಅದು ದಾರಿಯುದ್ದಕ್ಕೂ ಓಡಿರಬೇಕು, ಪೂರ್ತಿ ಆರಿಸಿದ್ದರೆ ಓಡುತ್ತಿರಲಿಲ್ಲ ಎಂದೆ.

"ಸರಿ ಕಣಪ್ಪಾ" ಅಂದರು ಅವರು. "ಮಲಗಿದ್ದು ಎದ್ದಿದ್ದು ಯಾಕೆ? ಹಂಪಲ್ಲಿ ಮುಚ್ಚಳ ಅಲುಗಿದ್ದಕ್ಕೆ ತಾನೆ?"

ಬಿರುಕು ಬಿಟ್ಟ ಹಿಂಜು, ಎಳೆಯಷ್ಟು ಸಡಿಲವಾದ ಮುಚ್ಚಳ. ಅದು ಹಾಗೇ ಆಗಿರಬಹುದು. ಕಾಲುಭಾಗ ನಿಜ ಎಂದದ್ದು ಇದಕ್ಕೆ. ಹಂಪ್ ಅದನ್ನು ಎಬ್ಬಿಸಿರಬಹುದು, ಕೊಂದದ್ದು ಕಾವು. ಯಜಮಾನರಿಗೆ ಈ ವ್ಯತ್ಯಾಸ ವಕೀಲರ ಆಟದ ಹಾಗೆ ಕಂಡಿತು.

ಫ್ಯಾನು ಬೇರೆ ಊರಿನಿಂದ ಬರಬೇಕಿತ್ತು. ಒಂದು ವಾರ ಕಳೆದು ಇನ್ನೂ ಕೆಲವು ದಿನ ಹಿಡಿಯಿತು. ಅಷ್ಟರಲ್ಲಿ ಅಕ್ಕ ಅಣ್ಣನಿಗೆ ಎರಡು ಸಲ ಫೋನು ಮಾಡಿದ್ದರು. ನನಗೆ ಮಾಡಲಿಲ್ಲ.

ಆ ಬಿಡುವಿನಲ್ಲಿ ಹೊಸ ಪೆಟ್ಟಿಗೆ ಮಾಡಿದೆವು. ಎರಡು ಪ್ಲೈವುಡ್ ಹಲಗೆ, ನಡುವೆ ಬಸ್ ಸೀಟು ಹೊಲಿಯುವವರ ಹತ್ತಿರ ತಂದ ಗಟ್ಟಿ ಸ್ಪಂಜು. ಸ್ಪಂಜು ಮೂಲೆಗಳಿಗೆ ಮತ್ತು ಅಂಚಿಗೆ ಮಾತ್ರ, ನಡುವೆ ಗಾಳಿ ಆಡಲು ಖಾಲಿ. ಲ್ಯಾಪ್‌ಟಾಪ್ ಪೂರ್ತಿ ಆರಿಸಿರಬೇಕು, ಬ್ಯಾಟರಿ ಬೇರೆ ಚೀಲದಲ್ಲಿ. ಪೆಟ್ಟಿಗೆ ಮಲಗಿಸಬಾರದು, ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಬೇಕು. ಜಾಗ ಕ್ಯಾರಿಯರಲ್ಲ, ಓಡಿಸುವವರ ಬೆನ್ನಿಗೂ ಹಿಂದೆ ಕೂತವರ ಎದೆಗೂ ನಡುವೆ, ತೊಡೆಯ ಮೇಲೆ. ಪಟ್ಟಿ ಹಿಂದೆ ಕೂತವರ ಹೆಗಲಿಗೆ. ಹಂಪ್ ಬಂದರೆ ಕಾಲೂರಿ ಸೀಟಿನಿಂದ ಸ್ವಲ್ಪ ಏಳುವುದು. ಬೈಕಿನಲ್ಲಿ ಮನುಷ್ಯನ ತೊಡೆಗಿಂತ ಒಳ್ಳೆಯ ಸ್ಪ್ರಿಂಗು ಇಲ್ಲ. ಇದಕ್ಕೆ ಟೊಮೆಟೊ ಪರೀಕ್ಷೆ ಸಾಲದು ಎಂದು, ಲ್ಯಾಪ್‌ಟಾಪನ್ನೇ ಕಟ್ಟಿಕೊಂಡು ಬಿಸಿಲಲ್ಲಿ ಮಾಲೂರಿನವರೆಗೆ ಹೋಗಿ, ಅಲ್ಲೇ ತೆರೆದು ನೋಡಿ ಬಂದೆವು. ಈಗಲೂ ಹೀಗೇ ಒಯ್ಯುತ್ತೇವೆ. ಇದುವರೆಗೆ ಏನೂ ಆಗಿಲ್ಲ. ಇದುವರೆಗೆ ಎನ್ನುವುದನ್ನು ಗಮನಿಸಬೇಕು.

ಎರಡನೆಯ ಸಲ ಹೋದಾಗ ಮೇಸ್ತ್ರಿಯೂ ಬಂದಿದ್ದರು, ಅಕ್ಕ ಕಾಡಿ ಕರೆಸಿದ್ದರು. ಬಿಸಿಲು ಹಾಗೇ ಇತ್ತು. ತೋಟದ ಎಲೆಗಳ ಅಂಚು ಹಳದಿಗೆ ತಿರುಗಿತ್ತು. ಲ್ಯಾಪ್‌ಟಾಪ್ ಹೊತ್ತಿಸಿದೆ. ಚಕ್ರ ಸುತ್ತುತ್ತಾ ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ಅಕ್ಕ ಹುಳುವಿಗೆ ಸೊಪ್ಪು ಹಾಕಿ ಬಂದರು. ಯಾರ ನಂಬಿಕೆಯೂ ಕಡಿಮೆಯಾದಂತೆ ಕಾಣಲಿಲ್ಲ.

ಅಣ್ಣ ಡ್ರಮ್ಮು ಬಿಡುತ್ತಾ ಹೋದರು. ಮೇಲಿನ ಮಣ್ಣು ಕುಸಿಯದಂತೆ ಇಳಿಸಿದ ಕೇಸಿಂಗ್ ಪೈಪು, ಅದರ ತುದಿ, ಆಮೇಲೆ ಬರಿ ಬಂಡೆಯ ಗೋಡೆ. ಒಂದು ಕಡೆ ಬಿರುಕಿನಿಂದ ನೀರು ತೆಳ್ಳಗೆ ಹನಿಯುತ್ತಿತ್ತು. ಮೇಲಿನ ಒರತೆ ಅದು. ಅದರ ಕೆಳಗೆ ಗೋಡೆಯಲ್ಲಿ ಒಂದು ಪೊಳ್ಳು, ಅಲ್ಲಿಂದ ಏನೋ ಕಳಚಿ ಹೋದ ಗುರುತು. ಆಮೇಲೆ ನೀರು, ಮಂಕು. ಆಮೇಲೆ ಪೈಪು. ಪೈಪಿನ ಬಾಯಿ ಕಾಣಲಿಲ್ಲ. ಅದರ ಮೇಲೆ ತೆಂಗಿನಕಾಯಿ ಗಾತ್ರದ ಒಂದು ಕಲ್ಲು ಕೂತಿತ್ತು.

"ಕಲ್ಲು" ಅಂದರು ಮೇಸ್ತ್ರಿ.

ನಾನು ಅಣ್ಣನಿಗೆ ಕೇಬಲ್ ನಿಧಾನ ತಿರುಗಿಸಲು ಹೇಳಿ ಕಲ್ಲನ್ನು ನೋಡಿದೆ. ಒಂದು ಮುಖಕ್ಕೆ ಬೋರಿನ ಗೋಡೆಗೆಲ್ಲ ಇದ್ದಂಥ ಕಂದು ಲೋಳೆ ಹತ್ತಿತ್ತು. ಇನ್ನೊಂದು ಮುಖ ಬೆಳ್ಳಗಿತ್ತು, ಒಡೆದ ಕಡೆ. ಆ ಬಿಳುಪು ಎಷ್ಟು ದಿನದ್ದು? ನೀರಿನೊಳಗೆ ಒಡೆದ ಕಲ್ಲಿಗೆ ಲೋಳೆ ಹತ್ತಲು ಎಷ್ಟು ದಿನ ಬೇಕು ಎಂದು ನನಗೆ ಗೊತ್ತಿಲ್ಲ. ಕೇಳಿದವರಿಗೂ ಗೊತ್ತಿಲ್ಲ. ಪೈಪಿನ ಜೊತೆಗೇ ಬಿದ್ದಿದ್ದರೆ, ಮೊದಲ ದಿನ ಕೊಕ್ಕೆ ಇಳಿಸದೆ ಇದ್ದದ್ದು ಸರಿ. ನಾವು ಫ್ಯಾನಿಗೆ ಕಾಯುತ್ತಿದ್ದ ದಿನಗಳಲ್ಲಿ ಬಿದ್ದಿದ್ದರೆ, ಆ ಬೋರು ಹೋದದ್ದು ನನ್ನ ವಾದದಿಂದ.

ಕಲ್ಲು ಕಾಣುತ್ತಿದ್ದುದರಿಂದ ಮೇಸ್ತ್ರಿ ಕೊಕ್ಕೆ ಬಿಡಲಿಲ್ಲ. ಭಾರದ ಸರಳು ಬಿಟ್ಟು ಕಲ್ಲು ಒಡೆಯಲು ನೋಡಿದರು. ಕಲ್ಲು ಒಡೆಯಿತು, ಒಡೆದ ಅರ್ಧ ಪೈಪಿನ ಪಕ್ಕಕ್ಕೆ ಜಾರಿ ಕಚ್ಚಿಕೊಂಡಿತು. ಕ್ಯಾಮೆರಾ ಮತ್ತೆ ಇಳಿಸಿ ತೋರಿಸಿದೆ. ಮೇಸ್ತ್ರಿ ಪರದೆಯನ್ನು ಬಹಳ ಹೊತ್ತು ನೋಡಿ, ಹೊಡೆಯುವುದನ್ನು ನಿಲ್ಲಿಸಿದರು. ಕಲ್ಲಿನ ಮೇಲಕ್ಕೆ ಒಂದು ಸಣ್ಣ ಮೋಟರು ಬಿಡಬಹುದು, ಮೇಲಿನ ಒರತೆಯ ನೀರು ಮಾತ್ರ ಸಿಗುತ್ತದೆ ಎಂದರು.

"ಎಷ್ಟಕ್ಕೆ ಸಾಕಾಗ್ತೈತೆ?" ಅಕ್ಕ ಕೇಳಿದರು.

"ಅರ್ಧ ತೋಟ. ಜಾಸ್ತಿ ಆಸೆ ಇಟ್ಕೋಬೇಡ."

ಅಕ್ಕ ತೋಟದ ಕಡೆ ತಿರುಗಿ ನಿಂತರು, ಯಾವ ಅರ್ಧ ಎಂದು ಲೆಕ್ಕ ಹಾಕುತ್ತಿದ್ದರು ಅನ್ನಿಸುತ್ತದೆ. "ರಸ್ತೆ ಕಡೇದು ಬಿಡ್ತೀನಿ" ಎಂದರು. ಅವರು ಯಾರನ್ನೂ ಬೈಯಲಿಲ್ಲ. ನಮಗೆ ಮಜ್ಜಿಗೆ ಕೊಟ್ಟರು. ನನಗೆ ಕೊಡುವಾಗ ಮುಖ ನೋಡಲಿಲ್ಲ, ಅಥವಾ ಅದು ನನಗೆ ಹಾಗನ್ನಿಸಿತು. ಅನಿಸಿದ್ದು ಸಾಕ್ಷಿ ಅಲ್ಲ.

ಅಣ್ಣ ಕೇಬಲ್ ಒರೆಸಿ ಸುತ್ತುತ್ತಿದ್ದರು. ನಾನು ಲ್ಯಾಪ್‌ಟಾಪ್ ಪೂರ್ತಿ ಆರುವವರೆಗೆ ಕಾದು, ಬ್ಯಾಟರಿ ಬಿಚ್ಚಿ, ಹಲಗೆಗಳ ನಡುವೆ ಇಟ್ಟು ಪಟ್ಟಿ ಬಿಗಿದೆ. ಅಕ್ಕ ಹುಳುಮನೆಯ ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದರು, ಮಾತು ಕೇಳುವಷ್ಟು ಹತ್ತಿರದಲ್ಲೇ. ಮೇಸ್ತ್ರಿ ತಮ್ಮ ಗಾಡಿಗೆ ಸರಳು ಏರಿಸುತ್ತಿದ್ದರು. ಯಾವ ಬೋರಿನಲ್ಲಿ ಏನಾಗಿದೆ ಎಂದು ಕೇಳಿದರೂ ಅವರ ಬಳಿ ಉತ್ತರ ತಯಾರಿರುತ್ತದೆ. ಹತ್ತಿರ ಹೋಗಿ ಸರಳಿನ ಇನ್ನೊಂದು ತುದಿ ಹಿಡಿದುಕೊಂಡೆ.

"ಮೇಸ್ತ್ರಿ, ವಾದಕ್ಕೆ ಕೇಳ್ತಿಲ್ಲ. ಅವತ್ತು ನಾನು ಅಡ್ಡ ಬರ್ದೆ ಇದ್ದಿದ್ರೆ, ನೀವು ಕೊಕ್ಕೆ ಬಿಟ್ಟಿದ್ರೆ, ಮೋಟ್ರು ಬರ್ತಿತ್ತಾ?"

ಮೇಸ್ತ್ರಿ ಬಾಗಿಲಲ್ಲಿದ್ದ ಅಕ್ಕನ ಕಡೆ ಒಮ್ಮೆ ನೋಡಿ, "ಆ ತುದಿ ಎತ್ತಪ್ಪಾ" ಅಂದರು.